ಮಕ್ಕಳ ಬರಹ ಅಜ್ಜಿಯ ಫೋನಿನಲ್ಲೂ ಓದುವಂತಿರಲಿ

ಸಾಗರದ ಕಡೆಯ ಒಂದು ಶಾಲೆಯಲ್ಲಿ ಏಳನೇ ತರಗತಿ ಮಕ್ಕಳು ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬದ ಬಗ್ಗೆ ಪ್ರಾಜೆಕ್ಟ್ ಮಾಡಿದ್ದರು. ಮನೆ ಮನೆಗೆ ಹೋಗಿ ಅಜ್ಜಿಯರನ್ನು ಮಾತಾಡಿಸಿ, ಹಬ್ಬದ ಅಡುಗೆಯನ್ನು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿಯುವುದು ಹೇಗೆ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ಹೇಗೆ, ಪುಂಡಿ ನಾರಿನ ಕುಂಚ ಕಟ್ಟುವುದು ಹೇಗೆ ಎಂದು ಬರೆದುಕೊಂಡು ಬಂದಿದ್ದರು. ಮೇಷ್ಟ್ರು ರಾತ್ರಿ ಕೂತು ಎಲ್ಲವನ್ನೂ ಟೈಪ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಮರುದಿನ ಮಕ್ಕಳು ಮನೆಯಲ್ಲಿ ಲಿಂಕ್ ತೆರೆದರೆ ಅಲ್ಲಿ ಕನ್ನಡವೇ ಇಲ್ಲ! ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಎ, ಆಮೇಲೊಂದು ಪೌಂಡ್ ಗುರುತು. ಪುಟದ ತುಂಬ ಇದೇ.

ಇಂಥದ್ದನ್ನು ನಾನು ಜಿಲ್ಲೆಯ ಬೇರೆ ಬೇರೆ ಕಡೆ ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಈ ಕೆಲಸವನ್ನು ಮೊದಲಿಂದ ಹೇಳುತ್ತೇನೆ.

ಮೊದಲು ಖಾತೆ

ಶಾಲೆಯ ಹೆಸರಿನಲ್ಲೇ ಒಂದು ಗೂಗಲ್ ಖಾತೆ ತೆರೆಯಿರಿ. ಸ್ವಂತ ಖಾತೆ ಬೇಡವೇ ಬೇಡ. ಮೇಷ್ಟ್ರಿಗೆ ವರ್ಗಾವಣೆ ಆದರೆ ಮಕ್ಕಳ ಕೆಲಸವೂ ಅವರ ಜೊತೆ ಹೋಗಿಬಿಡುತ್ತದೆ. ಪಾಸ್‌ವರ್ಡ್ ಇಬ್ಬರಿಗಾದರೂ ಗೊತ್ತಿರಲಿ. ಮಕ್ಕಳ ಹೆಸರಲ್ಲಿ ಖಾತೆ ಮಾಡಿಸುವುದು ಬೇಡ. 13 ವರ್ಷ ಆಗದವರು ತಾವಾಗಿ ಗೂಗಲ್ ಖಾತೆ ತೆರೆಯುವಂತಿಲ್ಲ. ಇನ್ನೊಂದು ವಿಷಯ: 2 ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ವರ್ಷಕ್ಕೊಮ್ಮೆಯಾದರೂ ಒಳಗೆ ಹೋಗಿ ಬನ್ನಿ.

ಯಾವುದರಲ್ಲಿ ಹಾಕುವುದು?

ನನ್ನ ಉತ್ತರ ವೆಬ್ ಪುಟ ಮಾಡಿಕೊಡುವ ಗೂಗಲ್ ಸೈಟ್ಸ್. ದುಡ್ಡು ಕೊಡಬೇಕಿಲ್ಲ, ಜಾಹೀರಾತು ಬರುವುದಿಲ್ಲ, ಸಣ್ಣ ಫೋನಿನಲ್ಲಿ ಅಕ್ಷರ ತಾನೇ ಹೊಂದಿಕೊಳ್ಳುತ್ತದೆ. ಕ್ಯಾನ್ವಾದಲ್ಲಿ ಚಂದದ ಪೋಸ್ಟರ್ ಮಾಡಬಹುದು. ಆದರೆ ಪೋಸ್ಟರ್ ಅಂದರೆ ಚಿತ್ರ. ಓದುವವರು ಅದನ್ನು ಹಿಗ್ಗಿಸಿ, ಆಚೆ ಈಚೆ ಎಳೆದು ಓದಬೇಕು. ಪ್ಯಾಡ್ಲೆಟ್ ಗೋಡೆ ಪತ್ರಿಕೆಯಂತೆ ಚೆನ್ನಾಗಿದೆ, ಆದರೆ ಬಿಟ್ಟಿಯಾಗಿ ಸಿಗುವ ಗೋಡೆಗಳು ಕೆಲವೇ. ಯಾವುದರಲ್ಲೇ ಹಾಕಿ, ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲೂ ಇರಲಿ. ಗೂಗಲ್‌ನದೇ ಜಾಮ್‌ಬೋರ್ಡನ್ನು ಎಲ್ಲರೂ ಸೇರಿ ಬರೆಯುವ ಹಲಗೆಯಾಗಿ ಎಷ್ಟೋ ಶಾಲೆಗಳು ಬಳಸುತ್ತಿದ್ದವು, 2024ರ ಕೊನೆಗೆ ಅದನ್ನು ಮುಚ್ಚಿಬಿಟ್ಟರು.

ಚಿತ್ರಗಳು

ಹಗಲು ಹೊತ್ತಿನಲ್ಲಿ ಜಗಲಿಯಲ್ಲಿಟ್ಟು ಫೋಟೊ ತೆಗೆಯಿರಿ, ಫ್ಲಾಶ್ ಬೇಡ. ವಾಟ್ಸಾಪಿನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ತಾರದ ಸಣ್ಣ ಎಳೆಗಳು ಮಂಕಾಗುತ್ತವೆ. ಹಾಳೆ ಸ್ಕ್ಯಾನ್ ಮಾಡಲು ಗೂಗಲ್ ಡ್ರೈವ್ ಆ್ಯಪ್ ಸಾಕು. ಕ್ಯಾಮ್‌ಸ್ಕ್ಯಾನರನ್ನು ನಮ್ಮ ಸರ್ಕಾರ 2020ರಲ್ಲೇ ನಿಷೇಧಿಸಿದೆ. ಅದನ್ನು ಎಲ್ಲಿಂದಲೋ ಹುಡುಕಿ ಹಾಕಿಕೊಳ್ಳಬೇಡಿ.

ಎಲ್ಲರೂ ಎಡವುವ ಜಾಗ: ಅಕ್ಷರ

ಈಗ ಆ ಪೌಂಡ್ ಗುರುತಿನ ವಿಷಯ. ಶಾಲೆಯಲ್ಲಿ ಎಷ್ಟೋ ವರ್ಷಗಳಿಂದ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಭ್ಯಾಸ ಅಲ್ವಾ? ಆ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಫೋನಿಗೆ ಹೋದ ಕೂಡಲೇ ವೇಷ ಕಳಚುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ‘ಕ’ ಎಲ್ಲಿ ಹೋದರೂ ‘ಕ’.

ಪರೀಕ್ಷೆ ಸುಲಭ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್ ಮೆಸೇಜಿನಲ್ಲಿ ಹಾಕಿ ನೋಡಿ. ಕನ್ನಡ ಬಂದರೆ ಯೂನಿಕೋಡ್. ಬರದಿದ್ದರೆ ಯೂನಿಕೋಡಿಗೆ ಬದಲಾಯಿಸಬೇಕು. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಇದೆ. ಮುಂದಿನ ಸಲದಿಂದ ನುಡಿಯಲ್ಲೇ ಯೂನಿಕೋಡ್ ಆರಿಸಿಕೊಂಡು ಟೈಪ್ ಮಾಡಿ. ಕೀಲಿಮಣೆ ಅದೇ, ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಬದಲಾಯಿಸಿದ ಮೇಲೆ ಸುಮ್ನೆ ಹಾಕಿಬಿಡಬೇಡಿ, ಕೂತು ಓದಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿರುತ್ತವೆ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಎಲ್ಲಕ್ಕಿಂತ ಜಾಸ್ತಿ ತಪ್ಪಿಸಿಕೊಳ್ಳುವುದು ಸೊನ್ನೆ. ‘ಹಚ್ಚ೦ಬಲಿ’, ‘ಹಚ್ಚಂಬಲಿ’ ಎರಡೂ ಕಣ್ಣಿಗೆ ಒಂದೇ. ಆದರೆ ಮೊದಲನೆಯದರಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಕೂತಿದೆ. ಭೂಮಿ ಹುಣ್ಣಿಮೆಯ ಈ ಅಡುಗೆಯನ್ನು ಯಾರಾದರೂ ಹುಡುಕಿದರೆ ಮೊದಲನೆಯದು ಸಿಗುವುದೇ ಇಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಅಂಕಿಯ ಸೊನ್ನೆ (೦) ಹಾಕಿ ಎಲ್ಲೆಲ್ಲಿದೆ ಎಂದು ನೋಡಿ ಬದಲಿಸಿ.

‘ಪಿಡಿಎಫ್ ಮಾಡಿ ಹಾಕಿದರೆ ಆಯ್ತಲ್ಲ’ ಎಂದು ಹಲವರು ಹೇಳುತ್ತಾರೆ. ಕಾಣುವುದೇನೋ ಸರಿಯಾಗಿ ಕಾಣುತ್ತದೆ. ಆದರೆ ಹಳೆಯ ಫಾಂಟಿನ ಪಿಡಿಎಫ್‌ನಲ್ಲಿ ಹುಡುಕಲು ಆಗುವುದಿಲ್ಲ, ಫೋನು ಅದನ್ನು ಓದಿ ಹೇಳುವುದೂ ಇಲ್ಲ. ಕಣ್ಣು ಮಂಜಾದ ಅಜ್ಜಿಗೆ ಓದಿ ಹೇಳುವ ಫೋನೇ ಬೇಕು.

ಟೈಪ್ ಮಾಡಲು ಪುರುಸೊತ್ತಿಲ್ಲದಿದ್ದರೆ ಮಗುವಿನ ಕೈಗೇ ಫೋನ್ ಕೊಡಿ. ಗೂಗಲ್ ಕೀಲಿಮಣೆ ಜಿಬೋರ್ಡಿನಲ್ಲಿ ಕನ್ನಡ ಆರಿಸಿ, ಮೈಕ್ ಒತ್ತಿ, ತನ್ನ ಬರಹವನ್ನು ತಾನೇ ಓದಲಿ. ಅದು ನೇರವಾಗಿ ಯೂನಿಕೋಡ್ ಆಗಿಯೇ ಬರುತ್ತದೆ. ಒಬ್ಬಳು ಹುಡುಗಿ ‘ಹಚ್ಚಂಬಲಿ’ ಎಂದರೆ ಫೋನು ‘ಹೆಚ್ಚು ಹಂಬಲಿ’ ಎಂದು ಬರೆಯಿತು. ಅಂಥದ್ದನ್ನು ಮಾತ್ರ ತಿದ್ದಿ. ಅದೇ ಬರಹದಲ್ಲಿ ‘ಅಜ್ಜಿ ಹೇಳ್ತು’ ಅಂತ ಇತ್ತು. ಮೇಡಂ ಅದನ್ನು ‘ಅಜ್ಜಿ ಹೇಳಿದರು’ ಎಂದು ತಿದ್ದಲು ಹೋದರು. ಹಾಗೇ ಇರಲಿ ಎಂದು ನಾನು ಹಟ ಹಿಡಿದೆ. ನಮ್ಮ ಮಲೆನಾಡಿನಲ್ಲಿ ‘ಅಮ್ಮ ಬಂತು’, ‘ಅಜ್ಜಿ ಹೇಳ್ತು’ ಅಂದರೆ ಪ್ರೀತಿ, ಅಗೌರವ ಅಲ್ಲ.

ಒಪ್ಪಿಗೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಮಗುವಿನ ಹೆಸರು, ತರಗತಿ ಸಾಕು. ಮುಖದ ಫೋಟೊ, ಮನೆಯ ವಿಳಾಸ ಬೇಡ. ಬುಟ್ಟಿ ಹಿಡಿದ ಕೈಗಳ ಫೋಟೊ ಹಾಕಿ, ಅದೇ ಚಂದ. ಅಜ್ಜಿಯನ್ನೂ ಒಂದು ಮಾತು ಕೇಳಿ.

ಪ್ರಕಟಿಸುವ ಹೊತ್ತು

ಗೂಗಲ್ ಸೈಟ್ಸ್‌ನಲ್ಲಿ ‘ಪಬ್ಲಿಷ್’ ಒತ್ತಿದರೆ ಪುಟ ಹೊರಗೆ ಬರುತ್ತದೆ, ಆದರೆ ಡ್ರೈವ್‌ನಿಂದ ಸೇರಿಸಿದ ಆಡಿಯೊ, ವಿಡಿಯೊಗಳ ಬೀಗ ಬೇರೆ. ನಿಮಗೆ ಕಾಣುತ್ತದೆ, ಊರಿನವರಿಗೆ ‘ಅನುಮತಿ ಬೇಕು’ ಎಂದು ಬರುತ್ತದೆ. ಆ ಕಡತಗಳಿಗೂ ‘ಲಿಂಕ್ ಇರುವವರೆಲ್ಲ ನೋಡಬಹುದು’ ಎಂದು ಕೊಡಿ. ತಿದ್ದುವ ಹಕ್ಕು ಮಾತ್ರ ಹೊರಗಿನವರಿಗೆ ಬೇಡ. ಆಮೇಲೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ನಿಮ್ಮ ಖಾತೆಯ ಗುರುತಿಲ್ಲದ ಕಿಟಕಿಯಲ್ಲಿ, ಲಿಂಕ್ ತೆರೆದು ನೋಡಿ. ಅಲ್ಲಿ ಎಲ್ಲವೂ ಕಂಡರೆ, ಕೇಳಿಸಿದರೆ ಮಾತ್ರ ಪೋಷಕರ ಗುಂಪಿಗೆ ಕಳಿಸಿ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲದ ಮನೆಗಳಿಗೆ ಒಂದು ಪ್ರಿಂಟ್ ತೆಗೆದು ಮಗುವಿನ ಚೀಲದಲ್ಲಿ ಇಟ್ಟು ಕಳಿಸಿ. ಪ್ಲಾಸ್ಟಿಕ್ ಕವರ್ ಹಾಕುವುದನ್ನು ಮರೆಯಬೇಡಿ.