ಬೈಪಾಸ್ ಬಳಿಕ ಸಿಆರ್‌ಪಿ ವರದಿಯನ್ನು ಓದುವುದು ಹೇಗೆ?

ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದಲ್ಲಿ ಮಾಡಿಸಿಕೊಂಡು, ಮುಂದಿನ ರಕ್ತಪರೀಕ್ಷೆಯನ್ನು ಕಾರವಾರದಲ್ಲೋ ಶಿರಸಿಯಲ್ಲೋ ಮಾಡಿಸುವವರು ನಮ್ಮ ಜಿಲ್ಲೆಯಲ್ಲಿ ಬಹಳ. ವರದಿಯಲ್ಲಿ ಉರಿಯೂತವನ್ನು ಸೂಚಿಸುವ ರಕ್ತದ ಪ್ರೋಟೀನ್ ಆದ ಸಿಆರ್‌ಪಿಯ (ಸಿ-ರಿಯಾಕ್ಟಿವ್ ಪ್ರೋಟೀನ್) ಅಂಕಿ ದಪ್ಪಕ್ಷರದಲ್ಲಿ ಕಂಡರೆ ಮನೆಮಂದಿ ಗಾಬರಿಯಾಗುವುದು ಸಹಜ.

ಮೊದಲು ಶಸ್ತ್ರಚಿಕಿತ್ಸೆಯಾಗಿ ಎಷ್ಟು ದಿನವಾಯಿತೆಂದು ಎಣಿಸಿ. ಎದೆಮೂಳೆಯನ್ನು ಸೀಳಿ, ಕಾಲಿನಿಂದ ರಕ್ತನಾಳ ತೆಗೆದು, ಅನೇಕರಲ್ಲಿ ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳಲ್ಲಿ ಹರಿಸಿರುವುದರಿಂದ, ಸೋಂಕು ಇಲ್ಲದಿದ್ದರೂ ದೇಹ ಉರಿಯೂತದಿಂದಲೇ ಪ್ರತಿಕ್ರಿಯಿಸುತ್ತದೆ. ಇಂಟರ್‌ಲ್ಯುಕಿನ್-6 ಎಂಬ ಸಂಕೇತ ಕೆಲವೇ ಗಂಟೆಗಳಲ್ಲಿ ಏರುತ್ತದೆ; ಅದರ ಕರೆಗೆ ಓಗೊಟ್ಟು ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಸಾಮಾನ್ಯವಾಗಿ ಲೀಟರಿಗೆ 5 ಮಿಲಿಗ್ರಾಂ ಒಳಗಿರುವ ಇದು ಎರಡನೆಯ ಅಥವಾ ಮೂರನೆಯ ದಿನ 100 ದಾಟಿದರೂ ಅಚ್ಚರಿಯಿಲ್ಲ. ಯಂತ್ರ ಬಳಸದ ಬೈಪಾಸ್‌ನಲ್ಲಿಯೂ ಏರಿಕೆ ತಪ್ಪುವುದಿಲ್ಲ. ಆಮೇಲೆ ಅದು ದಿನದಿಂದ ದಿನಕ್ಕೆ ಇಳಿಯಬೇಕು.

ಬಳಿಕ ಅಳತೆಯ ಮಾನವನ್ನು ನೋಡಿ. ಆಸ್ಪತ್ರೆಯ ವರದಿಯಲ್ಲಿ ಡೆಸಿಲೀಟರಿಗೆ 4.8 ಮಿಲಿಗ್ರಾಂ, ಊರಿನ ವರದಿಯಲ್ಲಿ ಲೀಟರಿಗೆ 48 ಎಂದಿದ್ದರೆ ಎರಡೂ ಒಂದೇ. ಹತ್ತು ಪಟ್ಟಿನ ಈ ಗೊಂದಲದಿಂದ ಎಷ್ಟೋ ಮನೆಗಳ ನಿದ್ದೆ ಕೆಟ್ಟೀತು.

ಈಗ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಪಕ್ಕಪಕ್ಕ ಇಡಿ. ಇಳಿಯುತ್ತಿದ್ದ ಅಂಕಿ ಮತ್ತೆ ಮೇಲೇರಿದ್ದರೆ ಗಮನವಿಡಬೇಕಾದದ್ದು ಅಲ್ಲಿ. ಎದೆಯ ಗಾಯ ಕೆಂಪಾಗಿದೆಯೇ, ಒಸರುತ್ತಿದೆಯೇ, ಕೆಮ್ಮಿದಾಗ ಮೂಳೆ ಕಟಕಟ ಎನ್ನುತ್ತದೆಯೇ ನೋಡಿ. ಕಾಲಿನ ಗಾಯವನ್ನು ಮರೆಯಬೇಡಿ. ಉಸಿರೆಳೆದಾಗ ಎದೆ ಚುಚ್ಚಿ ಜ್ವರ ಬಂದರೆ ಹೃದಯದ ಹೊರಪೊರೆಯ ಉರಿಯೂತವೂ ಇರಬಹುದು. ಇದು ಕೆಲವು ವಾರಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಇಲಿಜ್ವರವೂ ಸಿಆರ್‌ಪಿಯನ್ನು ಏರಿಸುವುದರಿಂದ, ಗದ್ದೆಯ ನೀರಿಗೆ ಇಳಿದಿದ್ದರೆ ವೈದ್ಯರಿಗೆ ಹೇಳಿ. ಬ್ಯಾಕ್ಟೀರಿಯಾದ ಸೋಂಕು ಎಂಬ ಅನುಮಾನವಿದ್ದಲ್ಲಿ ಅವರು ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆಯನ್ನು ಸೂಚಿಸಬಹುದು.

ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗವನ್ನು ಅಳೆದು ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಇಳಿಯಲು ವಾರಗಳೇ ಬೇಕು, ಅದೊಂದನ್ನೇ ಹಿಡಿದು ಚಿಂತಿಸಬೇಕಿಲ್ಲ. ಮುಂದಿನ ಹೃದಯಾಘಾತದ ಅಪಾಯವನ್ನು ಅಂದಾಜಿಸುವ ಸೂಕ್ಷ್ಮ ಸಿಆರ್‌ಪಿ ಪರೀಕ್ಷೆಯನ್ನು ಶಸ್ತ್ರಚಿಕಿತ್ಸೆಯ ಬೆನ್ನಿಗಿನ ಈ ದಿನಗಳಲ್ಲಿ ಮಾಡಿಸುವುದು, ನನ್ನ ಅಭಿಪ್ರಾಯದಲ್ಲಿ, ಹಣ ದಂಡ.

ಅಂಕಿ ಇಳಿಸಲೆಂದು ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಗಳನ್ನು ತಾವಾಗಿ ತಂದು ನುಂಗಬಾರದು. ಬೈಪಾಸ್ ಆದವರಲ್ಲಿ ಅವು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತವೆ. ವೈದ್ಯರು ಬರೆದ ಆಸ್ಪಿರಿನ್ ಮಾತ್ರ ಅವರನ್ನು ಕೇಳದೆ ನಿಲ್ಲಿಸತಕ್ಕದ್ದಲ್ಲ.