ಸನ್ನದುದಾರರ ಮರಣಾನಂತರದ ವರ್ಗಾವಣೆ: ನಾನು ನಡೆಸಿದ ಒಂದು ಪ್ರಕರಣ

ವಕೀಲನಾಗಿ ನನ್ನ ಬಳಿಗೆ ಬರುವ ಮದ್ಯದಂಗಡಿ ಸನ್ನದಿನ (ಲೈಸೆನ್ಸಿನ) ತಕರಾರುಗಳಲ್ಲಿ ಹೆಚ್ಚಿನವು ಸನ್ನದುದಾರರು ತೀರಿಕೊಂಡ ಮೇಲೆ ಹುಟ್ಟಿದವು. ಅಂಥದ್ದೊಂದು ಸಿಎಲ್-2 (ಚಿಲ್ಲರೆ ಮದ್ಯದಂಗಡಿಯ ಸನ್ನದು) ಪ್ರಕರಣದಲ್ಲಿ ನಾನು ಮೃತರ ಪತ್ನಿಯ ಪರವಾಗಿದ್ದೆ. ಸನ್ನದು ಗಂಡನ ಹೆಸರಿನಲ್ಲಿದ್ದರೂ ಅಂಗಡಿ ನಡೆಸುತ್ತಿದ್ದವರು ಬೇರೊಬ್ಬರು. ಛಾಪಾ ಕಾಗದದ ಕರಾರನ್ನೂ ಜಿಪಿಎಯನ್ನೂ (ಸನ್ನದುದಾರರ ಪರವಾಗಿ ವ್ಯವಹರಿಸಲು ಕೊಟ್ಟ ಸಾಮಾನ್ಯ ಅಧಿಕಾರ ಪತ್ರ) ಮುಂದಿಟ್ಟು, ಪೂರ್ತಿ ಹಣ ಕೊಟ್ಟಿರುವುದರಿಂದ ಸನ್ನದು ತಮ್ಮದೇ ಎಂದು ಅವರು ಸಿವಿಲ್ ದಾವೆ ಹೂಡಿದ್ದರು.

ದಾವೆಗೆ ಲಿಖಿತ ಹೇಳಿಕೆ ಸಲ್ಲಿಸುವ ಮೊದಲೇ, 1967ರ ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳ 17-ಎ ಅಡಿಯಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಕೋರಿ ಅಬಕಾರಿ ಉಪ ಆಯುಕ್ತರಿಗೆ ಅರ್ಜಿ ಕೊಡಿಸಿದೆ. ಸನ್ನದುದಾರರು ಬದುಕಿರುವಾಗ ಮತ್ತೊಬ್ಬರಿಗೆ ವರ್ಗಾಯಿಸಲು ಇರುವುದು 17-ಬಿ. ಎದುರಾಳಿ ಆ ದಾರಿಯಲ್ಲಿ ಎಂದೂ ಅರ್ಜಿ ಹಾಕಿರಲಿಲ್ಲ ಎಂಬುದೇ ನಮ್ಮ ಬಲವಾಗಿತ್ತು. ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಣ ತಪ್ಪಿದರೆ, ದಾವೆ ಇತ್ಯರ್ಥವಾಗುವ ಹೊತ್ತಿಗೆ ಹಂಚಿಕೊಳ್ಳಲು ಸನ್ನದೇ ಉಳಿದಿರುವುದಿಲ್ಲವಾದ್ದರಿಂದ, ದಾವೆಯ ತೀರ್ಪಿಗೆ ಒಳಪಟ್ಟು ನವೀಕರಿಸಬೇಕೆಂದೂ ಪ್ರತ್ಯೇಕವಾಗಿ ಕೋರಿದೆವು.

ವಂಶವೃಕ್ಷ ಬೇಗ ಸಿಕ್ಕಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಒಪ್ಪಿಗೆ ಪ್ರಮಾಣಪತ್ರಕ್ಕೆ ಹೆಚ್ಚು ಮಾತುಕತೆ ಬೇಕಾಯಿತು. ತಾಯಿಯ ಹೆಸರಿಗೆ ಸನ್ನದು ಹೋದರೆ ತಮ್ಮ ಪಾಲು ಹೋದಂತೆಯೇ ಎಂಬ ಅವರ ಅಂಜಿಕೆ ಅಕಾರಣವೇನಲ್ಲ. ಲಾಭದಲ್ಲಿನ ಹಕ್ಕನ್ನು ಬಿಟ್ಟುಕೊಟ್ಟಿಲ್ಲವೆಂಬ ವಾಕ್ಯವನ್ನು ಅದೇ ಪ್ರಮಾಣಪತ್ರದಲ್ಲಿ ಸೇರಿಸಿದ ಮೇಲೆ ಸಹಿ ಹಾಕಿದರು.

ನ್ಯಾಯಾಲಯದಲ್ಲಿ ವಾದ ನಿಂತದ್ದು ಜಿಪಿಎಯ ಮೇಲೆ. ಕರಾರು ಕಾಯಿದೆಯ 201ನೇ ಕಲಮಿನ ಪ್ರಕಾರ ಅಧಿಕಾರ ಕೊಟ್ಟವರು ಸತ್ತರೆ ಏಜೆನ್ಸಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ, ಮುಗಿಯುತ್ತದೆ. ಏಜೆಂಟನಿಗೆ ವ್ಯವಹಾರದ ವಸ್ತುವಿನಲ್ಲೇ ಸ್ವಂತ ಹಿತಾಸಕ್ತಿಯಿದ್ದರೆ ಏಜೆನ್ಸಿ ಹಾಗೆ ಮುಗಿಯದೆಂಬ 202ನೇ ಕಲಮಿನ ವಿನಾಯಿತಿ, ಹಣ ಹೂಡಿರುವುದರಿಂದ ತಮಗುಂಟೆಂದು ಎದುರಾಳಿ ವಾದಿಸಿದರು. ಮದ್ಯ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರ ವ್ಯಕ್ತಿಯೊಬ್ಬರಿಗೆ ಕೊಟ್ಟ ಅನುಮತಿಯಲ್ಲಿ, ಅದೇ ಸರ್ಕಾರದ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಹಿತಾಸಕ್ತಿ ಹುಟ್ಟಲಾರದು ಎಂಬುದು ನಮ್ಮ ಉತ್ತರವಾಗಿತ್ತು. ಎದುರಾಳಿಯ ತಡೆಯಾಜ್ಞೆಯ ಅರ್ಜಿ ವಜಾ ಆಯಿತು, ವರ್ಗಾವಣೆಯ ಆದೇಶ ತಾಯಿಯ ಹೆಸರಿಗೆ ಬಂತು.

ಎದುರಾಳಿ ಈಗ ದಾವೆಯನ್ನು ತಿದ್ದುಪಡಿ ಮಾಡಿಕೊಂಡು, ಅನೂರ್ಜಿತ ಕರಾರಿನಡಿ ಕೊಟ್ಟ ಹಣವನ್ನಾದರೂ ಕರಾರು ಕಾಯಿದೆಯ 65ನೇ ಕಲಮಿನಂತೆ ಹಿಂದಿರುಗಿಸಬೇಕೆಂದು ಕೇಳುತ್ತಿದ್ದಾರೆ. ಆ ಬೇಡಿಕೆಯಲ್ಲಿ ಹುರುಳಿದೆ ಎಂದು ನನ್ನ ಕಕ್ಷಿದಾರರಿಗೂ ತಿಳಿಸಿದ್ದೇನೆ.