ಸ್ಥೂಲಕಾಯದವರ ಮೂತ್ರದ ಹರಳಿಗೆ ಕಡಿಮೆ ಡೋಸಿನ ಸಿಟಿ ಮಾಡುವ ಕ್ರಮ

ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವೆಂದು ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವ ರೋಗಿಗಳಿಗೆ ಸಾಮಾನ್ಯವಾಗಿ ಮೊದಲು ಸೋನೋಗ್ರಫಿ ಆಗಿರುತ್ತದೆ. ಹೊಟ್ಟೆಯ ಕೊಬ್ಬು ದಪ್ಪವಿದ್ದರೆ ಧ್ವನಿತರಂಗ ಆಳಕ್ಕೆ ಇಳಿಯುವ ಮೊದಲೇ ಕ್ಷೀಣಿಸುವುದರಿಂದ, ಮೂತ್ರನಾಳದ ನಡುವಿನ ಹರಳು ಅದರಲ್ಲಿ ಅನೇಕ ಸಲ ಸಿಗುವುದಿಲ್ಲ. ಆಗ ಕಾಂಟ್ರಾಸ್ಟ್ (ಅಂಗಗಳನ್ನು ಎದ್ದುಕಾಣಿಸುವ ಔಷಧ) ಕೊಡದೆ ಸಿಟಿ ಕೆಯುಬಿ, ಅಂದರೆ ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶಗಳ ಸಿಟಿ ಸ್ಕ್ಯಾನ್, ಮಾಡಬೇಕಾಗುತ್ತದೆ. ಈ ಯಂತ್ರದ ಮುಂದೆ ಹೊಸದಾಗಿ ಕೂತಿರುವ ತಂತ್ರಜ್ಞರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರೋಟೋಕಾಲಿನ ಕೊನೆಯ ತೀರ್ಮಾನ ನಿಮ್ಮ ರೇಡಿಯಾಲಜಿಸ್ಟರದು.

ಅಮೆರಿಕನ್ ಯೂರೋಲಾಜಿಕಲ್ ಅಸೋಸಿಯೇಷನ್ 2012ರಲ್ಲಿ (ದೇಹಕ್ಕೆ ತಗಲುವ ವಿಕಿರಣದ ಮಾನದಲ್ಲಿ) 4 ಮಿಲಿಸೀವರ್ಟ್‌ಗಿಂತ ಕಡಿಮೆ ಡೋಸಿನ ಸಿಟಿಯನ್ನು ಶಿಫಾರಸು ಮಾಡಿದ್ದು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 30ರವರೆಗಿನವರಿಗೆ ಮಾತ್ರ. ದಪ್ಪ ದೇಹದಲ್ಲಿ ಎಕ್ಸ್‌-ರೇ ಹೆಚ್ಚು ಹೀರಿಹೋಗಿ ಡಿಟೆಕ್ಟರಿಗೆ ತಲುಪುವುದು ಕಡಿಮೆಯಾಗುತ್ತದೆ. ಚಿತ್ರ ಮರಳು ಉದುರಿಸಿದಂತೆ ಕಾಣುತ್ತದೆ. 3 ಮಿಲಿಮೀಟರಿಗಿಂತ ಸಣ್ಣ ಹರಳು ಅದರೊಳಗೆ ಅಡಗಿಬಿಡುತ್ತದೆ. ಆದ್ದರಿಂದ ತೆಳ್ಳಗಿನವರಿಗೆ ಇಟ್ಟ ಎಂಎಎಸ್ (ಕಿರಣಗಳ ಪ್ರಮಾಣ ನಿರ್ಧರಿಸುವ ಕರೆಂಟ್-ಸಮಯದ ಅಳತೆ) ಅನ್ನೇ ಇವರಿಗೂ ಇಡುವುದು ಸರಿಯಲ್ಲ. ಹರಳು ಕಾಣದೆ ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಉಳಿಸಿದ ಡೋಸು ಇಮ್ಮಡಿಯಾಗಿ ಹೋಗುತ್ತದೆ. ಇವರಲ್ಲಿ ನಿಜವಾದ ಉಳಿತಾಯ ಆಗುವುದು ಮಲಗಿಸುವ ರೀತಿಯಲ್ಲಿ ಮತ್ತು ಸ್ಕ್ಯಾನಿನ ವ್ಯಾಪ್ತಿಯಲ್ಲಿ.

ರೋಗಿಯ ತೂಕ ಕೇಳಿ, ಟೇಬಲ್ಲಿನ ಮಿತಿಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಮಲಗಿಸಿರಿ. ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಾಂಕ ಕೇಳುವುದನ್ನು ಮರೆಯಬಾರದು. ಎರಡೂ ಕೈ ತಲೆಯ ಮೇಲಿರಬೇಕು: «ಅಕ್ಕಾರ, ಕೈ ಮ್ಯಾಲ ತಗೋರಿ, ಉಸರ ಎಳಕೊಂಡ ಹಿಡೀರಿ» ಎಂದು ಮೊದಲೇ ಒಂದು ಸಲ ಅಭ್ಯಾಸ ಮಾಡಿಸಿದರೆ ಚಿತ್ರ ಅಲುಗುವುದಿಲ್ಲ.

ನಾನು ಹೆಚ್ಚು ಒತ್ತಿ ಹೇಳುವುದು ಟೇಬಲ್ಲಿನ ಎತ್ತರದ ಬಗ್ಗೆ. ಭಾರವಾದ ಹೊಟ್ಟೆ ಪಕ್ಕಕ್ಕೆ ಹರಡಿಕೊಂಡಿರುವುದರಿಂದ ಲೇಸರ್ ಗೆರೆ ಬೆನ್ನಿಗೂ ಹೊಟ್ಟೆಗೂ ಸರಿ ನಡುವೆ ಬಿದ್ದಿದೆಯೆಂದು ಕಣ್ಣಳತೆಯಲ್ಲಿ ಅನ್ನಿಸುತ್ತದೆ, ಆದರೆ ಬಗ್ಗಿ ಪಕ್ಕದಿಂದ ನೋಡಿದಾಗ ಅದು ನಾಲ್ಕು ಬೆರಳು ಮೇಲೋ ಕೆಳಗೋ ಇರುತ್ತದೆ. ಟೋಪೋಗ್ರಾಮ್ (ಸ್ಕ್ಯಾನಿಗೆ ಮೊದಲು ತೆಗೆಯುವ ಎಕ್ಸ್-ರೇಯಂಥ ಚಿತ್ರ) ತೆಗೆಯುವಾಗ ದೇಹ ಕಿರಣ ಹೊರಡುವ ಟ್ಯೂಬಿನ ಕಡೆಗೆ ಸರಿದಿದ್ದರೆ ಅದು ಇರುವುದಕ್ಕಿಂತ ದೊಡ್ಡದಾಗಿ ಮೂಡುತ್ತದೆ. ಆ ಅಳತೆಯನ್ನೇ ನಂಬಿ ಕರೆಂಟ್ ಹೊಂದಿಸುವ ಯಂತ್ರ ಬೇಡದಷ್ಟು ವಿಕಿರಣ ಕೊಡುತ್ತದೆ. ಕಲಿಯುವ ದಿನಗಳಲ್ಲಿ ನಾನೇ ಈ ತಪ್ಪು ಮಾಡಿ, ಡೋಸಿನ ಪುಟದ ಸಂಖ್ಯೆ ನೋಡಿ ಗಾಬರಿಯಾಗಿದ್ದೆ.

ಇಂಥವರಿಗೆ 120 ಕೆವಿ (ಟ್ಯೂಬಿನ ವೋಲ್ಟೇಜ್) ಇರಲಿ; 100ಕ್ಕೆ ಇಳಿಸಿದರೆ ಕಿರಣಗಳು ದೇಹ ದಾಟಲು ಸೋಲುತ್ತವೆ. ಯಂತ್ರದಲ್ಲಿ ಚಿತ್ರದ ಮರಳು ಕಡಿಮೆ ಮಾಡುವ ಲೆಕ್ಕಾಚಾರದ ವಿಧಾನವಾದ ಐಟರೇಟಿವ್ ರೀಕನ್‌ಸ್ಟ್ರಕ್ಷನ್ ಇದ್ದರೆ ಬಳಸಿರಿ, ಮತ್ತು ತೆಳು ಚಿತ್ರಗಳ ಜೊತೆಗೆ 3 ಮಿಲಿಮೀಟರಿನವನ್ನೂ ಮಾಡಿರಿ, ದಪ್ಪ ಪದರದಲ್ಲಿ ಆ ಮರಳು ಕಡಿಮೆಯಾಗುತ್ತದೆ. ಸ್ಕ್ಯಾನು ಮೂತ್ರಪಿಂಡಗಳ ಮೇಲ್ತುದಿಯಿಂದ ಮೂತ್ರಕೋಶದ ತಳದವರೆಗೆ ಸಾಕು. ಎದೆಯ ಭಾಗ ಬೇಡ. ಹೊಟ್ಟೆಯೊಳಗಿನ ಕೊಬ್ಬು ಇಲ್ಲಿ ನಮಗೆ ಉಪಕಾರಿಯೂ ಹೌದು, ಅದರ ಕಪ್ಪು ಹಿನ್ನೆಲೆಯಲ್ಲಿ ಮೂತ್ರನಾಳದ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಮುಗಿದ ಮೇಲೆ ಇಡೀ ಸ್ಕ್ಯಾನಿನ ಒಟ್ಟು ವಿಕಿರಣ ತೋರಿಸುವ ಡಿಎಲ್‌ಪಿ ಸಂಖ್ಯೆಯನ್ನು 0.015ರಿಂದ ಗುಣಿಸಿ ನೋಡುವ ರೂಢಿ ಇಟ್ಟುಕೊಳ್ಳಿರಿ: 200 ಇದ್ದರೆ ಸುಮಾರು 3 ಮಿಲಿಸೀವರ್ಟ್, 700 ಇದ್ದರೆ 10 ದಾಟಿತು. ಟೋಪೋಗ್ರಾಮಿನಲ್ಲಿಯೇ ಹರಳು ಕಂಡಿದ್ದರೆ ಅದನ್ನು ರೇಡಿಯಾಲಜಿಸ್ಟರಿಗೆ ತಿಳಿಸಿರಿ. ಅವರು ವರದಿಯಲ್ಲಿ ಬರೆದರೆ, ಮುಂದಿನ ತಪಾಸಣೆಗೆ ರೋಗಿಗೆ ಮತ್ತೊಂದು ಸಿಟಿಯ ಬದಲು ಬರೀ ಎಕ್ಸ್‌-ರೇ ಸಾಕಾಗಬಹುದು.